ಮನೆಮಂದಿಗೆಲ್ಲ ವ್ಯಸನ

ಒಂದು ಪದಕ್ಕೆ ಎರಡು ಅರ್ಥ. ಅದರಲ್ಲಿ ಒಂದೇ ಒಂದು ಅರ್ಥ ನಮ್ಮ ಅಪ್ಪನಿಗೆ ಗೊತ್ತಿತ್ತು. ಇನ್ನೊಂದು ಗೊತ್ತಿಲ್ಲದೇ ಇದ್ದದ್ದಕ್ಕೆ ನಾನು ಇವತ್ತಿಗೂ ಬೆಳಿಗ್ಗೆ ಎದ್ದ ಕೂಡಲೇ ಮನಸ್ಸಿನಲ್ಲೇ ಅವರಿಗೊಂದು ಥ್ಯಾಂಕ್ಸ್ ಹೇಳುತ್ತೇನೆ. ಜೋರಾಗಿ ಹೇಳುವುದಿಲ್ಲ. ಹೇಳಿದರೆ ಅವರು ಖುಷಿಯಲ್ಲಿ ಇನ್ನೂ ನಾಲ್ಕು ಫಾರಂ ತುಂಬಿಬಿಡುತ್ತಾರೆ.

ಅಪ್ಪ ಬೋರ್ಡ್ ಬರೆಯುವವರು. ಏಣಿ ಹತ್ತಿ, ಡಬ್ಬ ನೇತುಹಾಕಿಕೊಂಡು, ಅಂಗಡಿಗಳ ನೆತ್ತಿಯ ಮೇಲೆ ಆಳೆತ್ತರದ ಅಕ್ಷರ ಬರೆಯುತ್ತಾರೆ. ಅವರು ಗೋಡೆಯ ಮೇಲೆ ಬರೆದ ‘ಇಲ್ಲಿ ಮೂತ್ರ ಮಾಡಬಾರದು’ ಎಷ್ಟು ಚಂದ ಇರುತ್ತದೆ ಎಂದರೆ, ಅದನ್ನು ನೋಡಲೆಂದೇ ಜನ ನಿಲ್ಲುತ್ತಾರೆ. ನಿಂತ ಮೇಲೆ ಸುಮ್ಮನೆ ಯಾಕೆ ಹೋಗುವುದು ಎಂದುಕೊಳ್ಳುತ್ತಾರೆ. ಒಂದು ಪದವನ್ನು ಒಂದು ಸಲ ಬೋರ್ಡಿನ ಮೇಲೆ ಬರೆದರೆ ಅದರ ಅರ್ಥ ತಮಗೆ ಗೊತ್ತಿದ್ದ ಹಾಗೇ ಎಂಬುದು ಅಪ್ಪನ ಗಟ್ಟಿ ನಂಬಿಕೆ. ಈ ಲೆಕ್ಕದಲ್ಲಿ ಅವರಿಗೆ ಮೂಳೆ ಶಸ್ತ್ರಚಿಕಿತ್ಸೆಯೂ ಗೊತ್ತು, ವಿಮಾನದ ಟಿಕೆಟ್ಟೂ ಗೊತ್ತು.

ಇನ್ನು ಚಿಕ್ಕಪ್ಪ. ಅಪ್ಪನ ತಮ್ಮ, ನಮ್ಮ ಜೊತೆಯಲ್ಲೇ ಇರುವವನು, ಲಿಫ್ಟ್ ರಿಪೇರಿ ಕಂಪನಿಯಲ್ಲಿ ಮೆಕ್ಯಾನಿಕ್. ಬಂಗಾರದಂಥ ಮನುಷ್ಯ. ಆದರೆ ಅವನಿಗೆ ‘ಅದು’ ಇತ್ತು. ಅದು ಬಾಟಲಿಯಲ್ಲಿ ಬರುತ್ತದೆ. ನಮ್ಮ ಮನೆಯಲ್ಲಿ ಯಾರೂ ಅದರ ಹೆಸರು ಹೇಳುತ್ತಿರಲಿಲ್ಲ. “ಇವತ್ತು ಅದು ಆಗಿದೆಯಾ?” “ಅದು ಇಲ್ಲ ಅನ್ಸುತ್ತೆ, ಚಪ್ಪಲಿ ಜೋಡಿಸಿಟ್ಟಿದಾನೆ.” ಎಂಟು ವರ್ಷ ನಾವು ಈ ‘ಅದು’ ಒಂದರಲ್ಲೇ ಸಂಸಾರ ಮಾಡಿದ್ದೆವು.

ಒಂದು ಸೋಮವಾರ ಚಿಕ್ಕಪ್ಪ ಹನ್ನೆರಡು ಮಹಡಿಯ ಕಟ್ಟಡವೊಂದರ ಲಿಫ್ಟ್ ರಿಪೇರಿಗೆ ಹೋದ. ಮಟಮಟ ಮಧ್ಯಾಹ್ನವೇ ಅದು ಆಗಿತ್ತು. ಒಳಗೆ ಸಿಕ್ಕಿಹಾಕಿಕೊಂಡ. ತುರ್ತು ಬಟನ್ ಒತ್ತಿ ಕಂಪನಿಗೆ ಫೋನ್ ಮಾಡಿ, “ಬೇಗ ನಿಮ್ಮ ಮೆಕ್ಯಾನಿಕ್‌ನ ಕಳಿಸ್ರೀ!” ಎಂದು ತನ್ನದೇ ಹೆಸರು ಹೇಳಿ ಕರೆದ. ಅವನ ಮೇಸ್ತ್ರಿ ಬಂದು ಬಾಗಿಲು ತೆಗೆದಾಗ ಚಿಕ್ಕಪ್ಪ, “ಅವನೆಲ್ಲಿ, ಅವನು ಬರ್ಲಿಲ್ವಾ?” ಎಂದನಂತೆ.

ಮೇಸ್ತ್ರಿ ಒಳ್ಳೆಯವರು. ಬೈಯಲಿಲ್ಲ. “ಇಪ್ಪತ್ತೆಂಟು ದಿನ ಚಿಕಿತ್ಸೆ ತಗೊಂಡು ಬಾ, ಕೆಲಸ ನಿಂದೇ. ತಗೊಳ್ಳದೆ ಬರಬೇಡ. ಕಂಪನಿ ಇನ್ಶೂರೆನ್ಸ್ ಇದೆ, ಇದಕ್ಕೂ ಸಿಗುತ್ತೆ, ಕೇಳು,” ಎಂದು ಕಳಿಸಿದರು.

ಮಂಗಳವಾರ ಊಟದ ಮೇಜಿನಲ್ಲಿ ಚಿಕ್ಕಪ್ಪ ತಟ್ಟೆ ನೋಡುತ್ತಾ, “ಹೋಗ್ತೀನಿ,” ಎಂದ.

ಇದಕ್ಕೆ ಮುಂಚೆ ಎರಡು ಸಲ ಹೀಗೇ ಅಂದಿದ್ದ. ಒಂದು ಸಲ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದುಬಿಟ್ಟ. ಇನ್ನೊಂದು ಸಲ ಶೂ ಹಾಕಿಕೊಂಡು, ಲೇಸ್ ಕಟ್ಟಿಕೊಂಡು, ಮತ್ತೆ ಬಿಚ್ಚಿಟ್ಟ. ಹಾಗಾಗಿ ನಮ್ಮ ಮನೆಯ ಡಾಕ್ಟರು ಆವತ್ತೇ ‘ಅದು’ ಬಿಡಿಸುವ ಕೇಂದ್ರಕ್ಕೆ ಫೋನ್ ಮಾಡಿದರು. ಕೇಂದ್ರದವರು, ಶನಿವಾರ ಮಧ್ಯಾಹ್ನ ಹನ್ನೆರಡರವರೆಗೆ ಬೆಡ್ ಹಿಡಿದಿಡುತ್ತೇವೆ, ಅಷ್ಟರೊಳಗೆ ಇನ್ಶೂರೆನ್ಸ್‌ನವರ ಒಪ್ಪಿಗೆ ಬರಬೇಕು, ತಪ್ಪಿದರೆ ಮುಂದಿನ ಬೆಡ್ಡು ಎರಡು ತಿಂಗಳ ಮೇಲೆ ಎಂದರು. ಎರಡು ತಿಂಗಳು! ಚಿಕ್ಕಪ್ಪನ ‘ಹೋಗ್ತೀನಿ’ ಅಪ್ಪನ ಪೇಂಟಿಗಿಂತ ಬೇಗ ಒಣಗುವ ಪದಾರ್ಥ.

ಫಾರಂ ಬಂತು. ಮೊದಲ ಪುಟ ಡಾಕ್ಟರು ತುಂಬಿದ್ದರು. ಎರಡನೆಯ ಪುಟ ಮನೆಯವರು ತುಂಬಬೇಕು.

“ರೀ, ಪುಟ್ಟಿ ಕೈಲಿ ತುಂಬಿಸ್ರೀ,” ಎಂದರು ಅಮ್ಮ. ಪುಟ್ಟಿ ಎಂದರೆ ನಾನು.

“ಇವಳ ಅಕ್ಷರ ನೋಡಿದ್ಯಾ? ಇಂಕಲ್ಲಿ ಬಿದ್ದ ಇರುವೆ ಎದ್ದು ಓಡಿಹೋದ ಹಾಗಿರುತ್ತೆ. ಆಫೀಸಿಗೆ ಹೋಗೋ ಕಾಗದ ಕಣೇ ಇದು. ಅಕ್ಷರ ನೋಡಿದ ತಕ್ಷಣ ಅವರು ಎದ್ದು ನಿಂತ್ಕೋಬೇಕು.”

“ಎದ್ದು ನಿಲ್ಲೋದೇನೂ ಬೇಡ. ಕೂತ್ಕೊಂಡೇ ಸೈನ್ ಹಾಕಿದ್ರೆ ಸಾಕು.”

ಅಪ್ಪ ಕೇಳಲಿಲ್ಲ. ಮೇಜು ಒರೆಸಿಸಿ, ದಪ್ಪ ನಿಬ್ಬಿನ ಪೆನ್ನು ತೆಗೆದು, ಕನ್ನಡಕ ಏರಿಸಿ ಕುಳಿತರು. ಫಾರಂ ಎರಡು ಭಾಷೆಯಲ್ಲಿತ್ತು. ಅಪ್ಪ ಇಂಗ್ಲಿಷಿನ ಕಡೆ ತಿರುಗಿಯೂ ನೋಡಲಿಲ್ಲ. ಕನ್ನಡದಲ್ಲಿ ಮೊದಲ ಪ್ರಶ್ನೆಯೇ ‘ವ್ಯಸನ ಇದೆಯೇ?’ ಎಂದು.

ಇಲ್ಲೊಂದು ನಿಮಿಷ ನಿಲ್ಲಿ. ಆಫೀಸಿನವರ ಕನ್ನಡದಲ್ಲಿ ವ್ಯಸನ ಎಂದರೆ ಚಟ; ಕುಡಿತ, ಡ್ರಗ್ಸು ಇತ್ಯಾದಿ. ಆದರೆ ನಮ್ಮ ಅಜ್ಜಿಯ ಕನ್ನಡದಲ್ಲಿ ವ್ಯಸನ ಎಂದರೆ ದುಃಖ, ಕೊರಗು, ಮನಸ್ಸಿನ ಸಂಕಟ. “ಹೋಗಿದ್ದಕ್ಕೆ ವ್ಯಸನ ಪಡಬೇಡ ಮಗಾ,” ಎನ್ನುತ್ತಾರೆ ಅವರು. ಅಪ್ಪ ಅಜ್ಜಿಯ ಮಗ. ಆಫೀಸಿನ ಮಗ ಅಲ್ಲ.

“ಅಪ್ಪಾ, ಪ್ರಶ್ನೆ ಅರ್ಥ ಆಗ್ತಿದೆ ತಾನೇ?” ಎಂದು ನಾನು ಪುಸ್ತಕದಿಂದ ತಲೆ ಎತ್ತದೆ ಕೇಳಿದೆ. ಮಾರನೇ ದಿನ ನನಗೆ ಪರೀಕ್ಷೆ.

“ವ್ಯಸನಾನ ನಂಗೆ ಹೇಳ್ಕೊಡ್ತೀಯಾ? ಎರಡಡಿ ಅಕ್ಷರದಲ್ಲಿ ಬೋರ್ಡ್ ಮೇಲೆ ಬರೆದಿದೀನಿ ಆ ಪದಾನ! ಯ-ಒತ್ತಿನ ಬಾಲ ನೋಡ್ಬೇಕಿತ್ತು ನೀನು. ನವಿಲು ತಿರುಗಿ ನಿಂತ ಹಾಗಿತ್ತು.”

ಮುಗಿಸಿದ ಮೇಲೆ ನಾನು ಫೋನಿನಲ್ಲಿ ಫೋಟೋ ತೆಗೆದು ಕಳಿಸಿದೆ. ಓದಲಿಲ್ಲ. ಒಂದಕ್ಷರವನ್ನೂ ಓದಲಿಲ್ಲ. ಅಕ್ಷರ ಎಷ್ಟು ಚಂದ ಇದೆ ಎಂದು ನೋಡುತ್ತಲೇ ಕಳಿಸಿಬಿಟ್ಟೆ. ಅಪ್ಪ ಬರೆದದ್ದು ಹೀಗಿತ್ತು.

ವ್ಯಸನ ಇದೆಯೇ? *ಇದೆ. ಒಬ್ಬನಿಗೇ ಅಲ್ಲ, ನಮ್ಮ ಮನೆಯವರೆಲ್ಲರಿಗೂ ಇದೆ.*

ಎಷ್ಟು ಕಾಲದಿಂದ? *ನಮ್ಮ ತಾಯಿಯವರಿಗೆ ಬಹಳ ಹಿಂದಿನಿಂದ. ನನ್ನ ಹೆಂಡತಿಗೆ ನನ್ನನ್ನು ಮದುವೆಯಾದಾಗಿನಿಂದ. ಮಗಳಿಗೆ ಪರೀಕ್ಷೆ ಬಂದಾಗ ಮಾತ್ರ.*

ಪ್ರಮಾಣ? *ಹೇಳತೀರದು.*

ದಿನದ ಯಾವ ಹೊತ್ತಿನಲ್ಲಿ ಹೆಚ್ಚು? *ಸಂಜೆ ದೀಪ ಹಾಕುವ ಹೊತ್ತಿಗೆ. ನನಗೆ ಕೆಲವೊಮ್ಮೆ ಏಣಿಯ ಮೇಲೆ.*

ಬಿಡಲು ಪ್ರಯತ್ನಿಸಿದ್ದೀರಾ? *ಎಲ್ಲರೂ ಬಿಡಿ ಬಿಡಿ ಎನ್ನುತ್ತಾರೆ. ಒಡಹುಟ್ಟಿದವನಲ್ಲವೇ, ಹೇಗೆ ಬಿಡುವುದು?*

ಬುಧವಾರ ನಾನು ಪರೀಕ್ಷೆಯಲ್ಲಿ ಕೂತು ಪೆನ್ನು ಕಚ್ಚುತ್ತಿರುವಾಗ ಇನ್ಶೂರೆನ್ಸ್ ಆಫೀಸಿನಿಂದ ಫೋನ್ ಬಂತಂತೆ. ಅಪ್ಪ ಯಾವಾಗಲೂ ಸ್ಪೀಕರ್ ಹಾಕಿ, ಫೋನನ್ನು ತಟ್ಟೆಯ ಹಾಗೆ ಅಂಗೈ ಮೇಲೆ ಇಟ್ಟುಕೊಂಡು ಮಾತಾಡುತ್ತಾರೆ. ಹಾಗಾಗಿ ಅಮ್ಮನಿಗೂ ಅಜ್ಜಿಗೂ ಎಲ್ಲಾ ಕೇಳಿಸಿತು.

“ಸರ್, ನಿಮ್ಮ ಮನೇಲಿ ಒಟ್ಟು ಎಷ್ಟು ಜನಕ್ಕೆ ವ್ಯಸನ ಇದೆ?”

“ಐದೂ ಜನಕ್ಕೂ ಇದೆ ಸರ್.”

“ವಯಸ್ಸಾದವರಿಗೂನಾ?”

“ಅಮ್ಮನಿಗೇ ಎಲ್ಲರಿಗಿಂತ ಜಾಸ್ತಿ.”

ಆ ಕಡೆ ಫೈಲಿನ ಹಾಳೆ ಮಗುಚಿದ ಸದ್ದು ಕೇಳಿತು. ಆಮೇಲೆ ದನಿ ತಗ್ಗಿಸಿ, “ಸರ್, ಶುಕ್ರವಾರ ನಮ್ಮ ಪರಿಶೀಲನೆ ಮೇಡಂ ಮನೆಗೆ ಬರ್ತಾರೆ. ಅಲ್ಲೀವರೆಗೆ ಫೈಲ್ ಮುಂದಕ್ಕೆ ಹೋಗಲ್ಲ. ಎಲ್ರೂ ಮನೇಲಿ ಇರಿ. ಮನೇಲಿ ಏನೇನಿದೆಯೋ ಅದು ಹಾಗೇ ಇರಲಿ, ತೆಗೆದಿಡಬೇಡಿ,” ಎಂದರು.

ಅಪ್ಪನ ಕಣ್ಣು ತುಂಬಿ ಬಂತು. “ಕೇಳಿಸ್ಕೊಂಡ್ಯೇನೇ? ಅವನೊಬ್ಬನ ವಿಷಯ ಕೇಳಿ ಸುಮ್ನಾಗ್ಲಿಲ್ಲ. ಮನೆಮಂದಿಯೆಲ್ಲಾ ಹೇಗಿದೀರಿ ಅಂತ ನೋಡೋಕೆ ಬರ್ತಾರಂತೆ! ಎಂಥಾ ದೊಡ್ಡ ಜನ!”

“ಏನೂ ತೆಗೆದಿಡಬೇಡಿ ಅಂದ್ರಲ್ಲ, ಹಾಗಂದ್ರೇನು?” ಎಂದರು ಅಮ್ಮ.

“ಅವರಿಗೋಸ್ಕರ ಮನೆ ನೀಟು ಮಾಡೋಕೆ ಹೋಗ್ಬೇಡಿ ಅಂತ. ಸರಳ ಜನ.”

ಆದರೂ ಅಮ್ಮ ಪರದೆ ಒಗೆದರು.

ಅಪ್ಪನ ಹೊಟ್ಟೆಯಲ್ಲಿ ಸಂತೋಷ ಉಳಿಯುವುದಿಲ್ಲ. ನಾವು ನಮ್ಮ ಕಟ್ಟಡದವರಿಗೆಲ್ಲ, ಚಿಕ್ಕಪ್ಪ ಇಪ್ಪತ್ತೆಂಟು ದಿನದ ಲಿಫ್ಟ್ ಟ್ರೈನಿಂಗಿಗೆ ಹೋಗುತ್ತಾನೆ ಎಂದು ಹೇಳಿಟ್ಟಿದ್ದೆವು. ಅಪ್ಪ ಕೆಳಗೆ ಹೋದವರೇ ಲಿಫ್ಟಿನ ಮುಂದೆ ನಿಂತಿದ್ದ ನಮ್ಮ ಕಟ್ಟಡದ ಸಂಘದ ಸೆಕ್ರೆಟರಿ ಅಂಕಲ್‌ನ ಕೈ ಹಿಡಿದುಕೊಂಡು, “ನಮ್ಮನೇಲಿ ಎಲ್ರಿಗೂ ವ್ಯಸನ ಇದೆ ಅಂತ ಬರೆದುಕೊಟ್ಟೆ ಕಣ್ರೀ. ಮುಚ್ಚಿಟ್ಕೊಳ್ಳಲಿಲ್ಲ. ನೋಡಿ, ಶುಕ್ರವಾರ ಮನೆಗೇ ಬರ್ತಿದಾರೆ!” ಎಂದರು.

ಸೆಕ್ರೆಟರಿ ಅಂಕಲ್ ನಿವೃತ್ತ ಗುಮಾಸ್ತರು. ಅವರಿಗೆ ಆಫೀಸಿನ ಕನ್ನಡ ಬರುತ್ತದೆ.

“ಎಲ್ರಿಗೂನಾ?” ಎಂದರು.

“ಎಲ್ರಿಗೂ.”

“ನಿಮ್ಮ ತಾಯಿಯವರಿಗೂನಾ?”

“ಅಯ್ಯೋ, ಅವರಿಗೆ ಮೊದಲಿಂದ್ಲೂ!”

ಲಿಫ್ಟ್ ಬಂತು, ಬಾಗಿಲು ತೆರೆಯಿತು, ಮುಚ್ಚಿತು, ಹೋಯಿತು. ಅಂಕಲ್ ಅಲ್ಲೇ ನಿಂತಿದ್ದರು. ಅವರ ಹಿಂದೆ ನಮ್ಮ ಎದುರು ಮನೆಯ ರೇಡಿಯೋ ಆಂಟಿ ನಿಂತಿದ್ದರು. ಆಂಟಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ದಿನಕ್ಕೆ ಮೂರು ಬುಲೆಟಿನ್, ವಿಶೇಷ ಸಂದರ್ಭದಲ್ಲಿ ಐದು.

ಗುರುವಾರ ಬೆಳಿಗ್ಗೆಯಿಂದ ನಮ್ಮ ಮನೆಯ ಬಗ್ಗೆ ಎಲ್ಲರಿಗೂ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಮೇಲಿನ ಮನೆಯವರು ತಾವೇ ನಮ್ಮ ಕಸ ಕೆಳಗೆ ತೆಗೆದುಕೊಂಡು ಹೋದರು, ಹೋಗುತ್ತಾ ಚೀಲವನ್ನು ಮೆಲ್ಲಗೆ ಅಲುಗಾಡಿಸಿ ಗಾಜಿನ ಸದ್ದು ಬರುತ್ತದೆಯೇ ಎಂದು ಕೇಳಿಸಿಕೊಂಡರು. ಸೆಕ್ರೆಟರಿ ಅಂಕಲ್ ಅಪ್ಪನ ಏಣಿಯನ್ನು ಸರಪಳಿ ಹಾಕಿ ಕಂಬಕ್ಕೆ ಕಟ್ಟಿ ಬೀಗ ಹಾಕಿದರು. “ಸ್ವಲ್ಪ ದಿನ ನೆಲದ ಮೇಲೇ ಕೆಲಸ ಮಾಡಿ ಸ್ವಾಮಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು.”

ರೇಡಿಯೋ ಆಂಟಿ ನೇರ ಅಜ್ಜಿಯ ಹತ್ತಿರ ಬಂದು ಕೂತು, ಆ ಕಡೆ ಈ ಕಡೆ ನೋಡಿ ಪಿಸುಗುಟ್ಟಿದರು. “ಅಜ್ಜಿ, ನಾನು ಯಾರಿಗೂ ಹೇಳಲ್ಲ. ನೀವು ಯಾವುದು ತಗೋತೀರಿ?”

ಅಜ್ಜಿ ಮಂಡಿ ನೀವಿಕೊಳ್ಳುತ್ತಾ, “ಹಸಿರು ಬಾಟ್ಲೀದು ಕಣಮ್ಮ,” ಎಂದರು. “ಮೊದ್ಲು ಕೆಂಪು ತಗೋತಿದ್ದೆ. ಅದು ಹತ್ತೋದೇ ಇಲ್ಲ. ಹಸಿರಾದ್ರೆ ಹಚ್ಚಿದ ತಕ್ಷಣ ಜುಮ್ಮಂತ ಇಳಿಯುತ್ತೆ.”

“ಹ... ಹಚ್ಚಿದ ತಕ್ಷಣಾನಾ?”

“ಹ್ಞೂಂ. ನಿಂಗೂ ಸ್ವಲ್ಪ ಕೊಡ್ಲಾ? ಮಂಡಿಗೆ ಹಚ್ಕೊಂಡು ನೋಡು.”

ಆಂಟಿ ಬೇಡ ಎಂದು ಎದ್ದರು. ಆದರೆ ಹೊರಗೆ ಹೋಗಲಿಲ್ಲ. ಅಡುಗೆಮನೆಗೆ ಬಂದು ಅಮ್ಮನ ಪಕ್ಕ ನಿಂತರು. ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು. ಅವರು ಸುಮ್ಮನೆ ನಿಂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

“ನಮ್ಮನೆಯವರಿಗೂ ಇತ್ತು ಕಣ್ರೀ,” ಎಂದರು. “ಹನ್ನೊಂದು ವರ್ಷ. ಆ ಕಾಲದಲ್ಲಿ ಇನ್ಶೂರೆನ್ಸ್ ಎಲ್ಲಿ, ಕೇಂದ್ರ ಎಲ್ಲಿ. ನಾನು ಒಬ್ರಿಗೂ ಬಾಯಿ ಬಿಡ್ಲಿಲ್ಲ. ನೀವು ಬರೆದುಕೊಟ್ಟಿದೀರಲ್ಲ, ಅದೇ ದೊಡ್ಡದು.”

ಅಮ್ಮ ಅವರ ಕೈ ಹಿಡಿದುಕೊಂಡರು. ಇಡೀ ಬೀದಿಯ ಸುದ್ದಿ ಓದಿದ ಆಂಟಿ ತಮ್ಮ ಮನೆಯ ಸುದ್ದಿಯೊಂದನ್ನು ಮಾತ್ರ ಹನ್ನೊಂದು ವರ್ಷ ಓದದೇ ಇಟ್ಟುಕೊಂಡಿದ್ದರು. ಆವತ್ತಿನಿಂದ ನಾನು ಅವರನ್ನು ರೇಡಿಯೋ ಎನ್ನುವಾಗ ಪ್ರೀತಿಯಿಂದಲೇ ಎನ್ನುತ್ತೇನೆ.

ಶುಕ್ರವಾರ ಮಧ್ಯಾಹ್ನ ಮೂರು ಗಂಟೆಗೆ ಪರಿಶೀಲನೆ ಮೇಡಂ ಬಂದರು. ಕೈಯಲ್ಲಿ ಫೈಲು, ಮೂಗಿನ ಮೇಲೆ ಕನ್ನಡಕ, ಮುಖದಲ್ಲಿ ಇದುವರೆಗೆ ಎಲ್ಲಾ ಥರದ ಸುಳ್ಳೂ ಕೇಳಿದ್ದೇನೆ ಎಂಬ ಸುಸ್ತು. ಅಪ್ಪ ಅವರಿಗೆ ಒಳ್ಳೆಯ ಕುರ್ಚಿ ಕೊಟ್ಟರು. ನಾವೆಲ್ಲ ಸಾಲಾಗಿ ಕೂತೆವು. ಚಿಕ್ಕಪ್ಪ ಅಡುಗೆಮನೆ ಬಾಗಿಲ ಹತ್ತಿರ ಸ್ಟೂಲ್ ಮೇಲೆ ಕೂತಿದ್ದ. ಮೂರು ದಿನದಿಂದ ಅದು ಇರಲಿಲ್ಲ, ಕೈ ಸಣ್ಣಗೆ ನಡುಗುತ್ತಿತ್ತು. ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ.

ಮೇಡಂ ಫೈಲ್ ಬಿಚ್ಚಿದರು. ಅಪ್ಪನ ಅಕ್ಷರ ನೋಡಿ ಎದ್ದು ನಿಲ್ಲಲಿಲ್ಲ. ನಾನು ನೀರು ಕೊಡಲು ಹೋದವಳು ಅವರ ಭುಜದ ಮೇಲಿಂದ ಆ ಪುಟವನ್ನು ಮೊಟ್ಟಮೊದಲ ಬಾರಿಗೆ ಓದಿದೆ.

ಕಾಲ ಕೆಳಗಿನ ನೆಲ ಹಗ್ಗ ಕಿತ್ತ ಲಿಫ್ಟಿನ ಹಾಗೆ ಒಂದೇ ಸಮ ಕೆಳಗಿಳಿಯಿತು.

“ಮೇಡಂ, ಅದು... ಅದರಲ್ಲಿ ಒಂದು...”

“ನಿಮ್ಮ ಸರದಿ ಬಂದಾಗ ಹೇಳಿ,” ಎಂದರು ಮೇಡಂ ತಲೆ ಎತ್ತದೆ. “ನಿಮ್ದು ಪರೀಕ್ಷೆ ಟೈಮಲ್ಲಿ ಮಾತ್ರ ಅಂತ ಬರೆದಿದೆ. ಪರೀಕ್ಷೆ ನಡೀತಿದೆಯಾ ಈಗ?”

“ನಡೀತಿದೆ, ಆದ್ರೆ...”

“ಸರಿ, ಕೂತ್ಕೊಳ್ಳಿ. ಗಾಬರಿಯಾಗ್ಬೇಡಿ.”

ನಾನು ಕೂತೆ. ಲೋಟ ನನ್ನ ಕೈಯಲ್ಲೇ ಇತ್ತು.

ಮೇಡಂ ಅಮ್ಮನ ಕಡೆ ತಿರುಗಿದರು. “ಮದುವೆಯಾದಾಗಿನಿಂದ ಅಂತಿದೆ. ಹೌದಾ?”

ಅಮ್ಮ ಅಪ್ಪನನ್ನು ಒಂದು ಸಲ ನೋಡಿ, “ಅದು ನಿಜಾನೇ,” ಎಂದರು.

“ಹೇಗೆ ತಗೋತೀರಿ?”

“ಮನಸ್ಸಿಗೆ ತಗೋತೀನಿ ಮೇಡಂ. ತಗೋಬಾರ್ದು ಅಂತ ಗೊತ್ತು. ಆದ್ರೂ ತಗೋತೀನಿ.”

ಮೇಡಂ ಪೆನ್ನು ಒಂದು ಕ್ಷಣ ತಡೆಯಿತು, ಮತ್ತೆ ಓಡಿತು. “ಸರ್, ನೀವು? ಏಣಿ ಮೇಲೆ ಅಂತ ಬರೆದಿದೀರಿ?”

“ಏಣಿ ಮೇಲೇನೇ ಹೆಚ್ಚು ಮೇಡಂ. ಮೇಲೆ ಒಬ್ನೇ ಇರ್ತೀನಲ್ಲ. ಕಣ್ಣು ಮಂಜಾಗುತ್ತೆ, ಗೆರೆ ಸೊಟ್ಟ ಹೋಗುತ್ತೆ. ಒಂದ್ಸಲ ‘ಶುಭ’ ಬರೆಯೋ ಜಾಗದಲ್ಲಿ ತಮ್ಮನ ಹೆಸರು ಬರೆದುಬಿಟ್ಟಿದ್ದೆ.”

“ಅಪಾಯ ಅಲ್ವಾ ಸರ್?”

“ಈಗ ಏಣಿಗೆ ಬೀಗ ಹಾಕಿದಾರೆ. ಯಾಕೋ ಗೊತ್ತಿಲ್ಲ.”

ಮೇಡಂ ಅಜ್ಜಿಯ ಮುಂದೆ ಬಾಗಿದರು. ದನಿ ಸ್ವಲ್ಪ ಮೆತ್ತಗಾಯಿತು. “ಅಜ್ಜಿ, ಭಯ ಪಡ್ಬೇಡಿ. ನಿಮ್ಮ ವ್ಯಸನ ಯಾವಾಗ ಶುರುವಾಯ್ತು?”

“ಭಯ ಏನು ತಾಯಿ. ನಮ್ಮ ಯಜಮಾನರು ಹೋದ್ರಲ್ಲ, ಆವಾಗ ಒಂದಷ್ಟು. ಅದು ಹೆಂಗೋ ಕಡಿಮೆ ಆಯ್ತು. ಈಗ ಎಂಟು ವರ್ಷದಿಂದ ಮತ್ತೆ ಹಿಡ್ಕೊಂಡಿದೆ.”

“ಒಬ್ರೇ ಇದ್ದಾಗ್ಲಾ, ಎಲ್ರ ಜೊತೆ ಇದ್ದಾಗ್ಲಾ?”

“ಎಲ್ರ ಮುಂದೆ ಆಗುತ್ತಾ? ಬಚ್ಚಲಮನೇಲಿ. ನಲ್ಲಿ ಜೋರಾಗಿ ಬಿಟ್ಕೊಂಡು.”

“ನಲ್ಲಿ ಯಾಕೆ ಅಜ್ಜಿ?”

“ಸದ್ದು ಹೊರಗೆ ಕೇಳಿಸ್ಬಾರ್ದಲ್ಲ.”

ನಮ್ಮ ಮನೆಯ ನೀರಿನ ಬಿಲ್ಲು ಯಾಕೆ ಹಾಗೆ ಬರುತ್ತದೆ ಎಂದು ಅಪ್ಪ ನಲ್ಲಿ ರಿಪೇರಿಯವನನ್ನು ಮೂರು ಸಲ ಕರೆಸಿದ್ದರು. ಅವನು ಮೂರು ಸಲವೂ, ನಲ್ಲಿ ಸರಿಯಾಗೇ ಇದೆ ಸ್ವಾಮಿ ಎಂದು ಹೇಳಿ ಹೋಗಿದ್ದ.

ಅಡುಗೆಮನೆ ಬಾಗಿಲಲ್ಲಿ ಸ್ಟೂಲ್ ಕಿರುಗುಟ್ಟಿತು.

ಮೇಡಂ ಕೊನೆಯ ಕಾಲಮ್ಮಿಗೆ ಬಂದಿದ್ದರು. “ಒಂದೇ ಪ್ರಶ್ನೆ ಅಜ್ಜಿ, ಆಯ್ತು. ನಿಮ್ಮ ವ್ಯಸನಕ್ಕೆ ಕಾರಣ ಆಗಿರೋ ಪದಾರ್ಥ ಯಾವುದು?”

“ಪದಾರ್ಥಾನಾ?” ಅಜ್ಜಿ ಕೈ ಎತ್ತಿ ಬಾಗಿಲ ಕಡೆ ತೋರಿಸಿದರು. “ಅಗೋ, ಅಲ್ಲಿ ಸ್ಟೂಲ್ ಮೇಲೆ ಕೂತಿದಾನಲ್ಲ.”

ಪೆನ್ನು ನಿಂತಿತು.

ಮೇಡಂ ಚಿಕ್ಕಪ್ಪನನ್ನು ನೋಡಿದರು. ಅಜ್ಜಿಯನ್ನು ನೋಡಿದರು. ಫಾರಂ ತಿರುಗಿಸಿ ಮೊದಲಿಂದ ಓದಿದರು. ‘ಒಡಹುಟ್ಟಿದವನಲ್ಲವೇ, ಹೇಗೆ ಬಿಡುವುದು’ ಎಂಬಲ್ಲಿ ಅವರ ಬೆರಳು ನಿಂತಿತು. ಆಮೇಲೆ ಕನ್ನಡಕ ತೆಗೆದು, ಸೆರಗಿನಿಂದ ಒರೆಸುತ್ತಾ, ಬಹಳ ಹೊತ್ತು ಒರೆಸುತ್ತಾ ಕೂತರು. ಅವರ ಭುಜ ಅಲುಗುತ್ತಿತ್ತು. ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ಗೊತ್ತಾಗಲಿಲ್ಲ. ಅವರಿಗೂ ಗೊತ್ತಿತ್ತೋ ಇಲ್ಲವೋ.

“ಸರ್,” ಎಂದರು ಕೊನೆಗೆ, “ವ್ಯಸನ ಅಂದ್ರೆ ಏನು ಅಂದ್ಕೊಂಡಿದೀರಿ ನೀವು?”

“ದುಃಖ ಅಲ್ವಾ ಮೇಡಂ?”

“ಈ ಫಾರಂ ಪ್ರಕಾರ ಕುಡಿತ ಸರ್. ಡ್ರಗ್ಸು.”

ಅಪ್ಪನ ಮುಖ ಬಿಳಿ ಪ್ರೈಮರ್ ಹಚ್ಚಿದ ಗೋಡೆಯ ಹಾಗಾಯಿತು. ನಿಧಾನವಾಗಿ ಅಜ್ಜಿಯ ಕಡೆ ತಿರುಗಿ, “ಅಮ್ಮಾ, ನಿನಗೆ ಡ್ರಗ್ಸ್ ಅಂತ ಬರೆದುಬಿಟ್ಟಿದೀನಿ,” ಎಂದರು.

“ಹಸಿರು ಬಾಟ್ಲೀದಾ?” ಎಂದರು ಅಜ್ಜಿ.

ಅಮ್ಮ ಹಣೆ ಚಚ್ಚಿಕೊಂಡರು. “ಪುಟ್ಟಿ ಕೈಲಿ ತುಂಬಿಸ್ರೀ ಅಂತ ಬಡ್ಕೊಂಡೆ!”

“ನಾನೂ ಓದ್ಲಿಲ್ಲಮ್ಮ,” ಎಂದೆ.

ಮೇಡಂ ಫೈಲ್ ಮುಚ್ಚಿದರು. “ನಗೋ ವಿಷಯ ಅಲ್ಲ ಇದು. ತಪ್ಪು ಮಾಹಿತಿ ಇದ್ರೆ ಅರ್ಜಿ ವಾಪಸ್ ಹೋಗ್ಬೇಕು. ಹೊಸದಾಗಿ ಹಾಕಿದ್ರೆ ಏಳು ದಿನ ಬೇಕು.”

“ಬೆಡ್ ನಾಳೆ ಹನ್ನೆರಡರವರೆಗೆ ಮಾತ್ರ ಮೇಡಂ,” ಎಂದರು ಅಮ್ಮ.

ಅಷ್ಟರಲ್ಲಿ ಚಿಕ್ಕಪ್ಪ ಎದ್ದು ನಿಂತ. ಅವನು ಎದ್ದು ನಿಂತರೆ ಹೊರಗೆ ಹೋಗುತ್ತಾನೆ. ಎಂಟು ವರ್ಷದಲ್ಲಿ ನಾವು ಕಲಿತ ಪಾಠ ಅದು. ಅಪ್ಪ, “ಲೋ, ತಪ್ಪು ನಂದು ಕಣೋ, ನೀನು ಹೋಗ್ಬೇಡ್ವೋ,” ಎಂದು ಬಾಗಿಲಿಗೆ ಅಡ್ಡ ನಿಂತೇಬಿಟ್ಟರು.

ಚಿಕ್ಕಪ್ಪ ಬಾಗಿಲ ಕಡೆ ಹೋಗಲಿಲ್ಲ. ಮೇಡಂ ಮುಂದೆ ಬಂದು ನೆಲದ ಮೇಲೆ ಕೂತ.

“ಅಮ್ಮ ನಲ್ಲಿ ಬಿಟ್ಕೊಳ್ಳೋದು ನಂಗೆ ಗೊತ್ತಿರ್ಲಿಲ್ಲ ಮೇಡಂ,” ಎಂದ. “ಫಾರಂ ಕೊಡಿ. ನಾನು ಬರೀತೀನಿ.”

ಮೇಡಂ ಸ್ವಲ್ಪ ಹೊತ್ತು ಅವನ ಕೈ ನೋಡಿದರು. ಆಮೇಲೆ ಫೈಲಿನ ಹಿಂದಿನಿಂದ ನಿಯಮದ ಪುಸ್ತಕ ತೆಗೆದು, ಉಗುರಿನಿಂದ ಹಾಳೆ ಮಗುಚಿದರು. “ಇರಿ... ಇಲ್ಲಿದೆ. ರೋಗಿಯೇ ಪರಿಶೀಲಕರ ಎದುರಿಗೆ ತನ್ನ ಕೈಯಾರೆ ತಿದ್ದಿ ಸಹಿ ಹಾಕಿದರೆ ಹೊಸ ಅರ್ಜಿ ಬೇಕಾಗಿಲ್ಲ. ಯಾರೂ ಹೀಗೆ ಮಾಡಿದ್ದು ನಾನು ನೋಡಿಲ್ಲ. ಮನೆಯವರೇ ತುಂಬ್ತಾರೆ, ರೋಗಿ ಬಾಯೇ ಬಿಡಲ್ಲ. ಬರೀರಿ.”

ಮೇಡಂ ಕೊಟ್ಟ ತಿದ್ದುಪಡಿ ಹಾಳೆಯ ಮೇಲೆ ಚಿಕ್ಕಪ್ಪ ಬರೆದು ಸಹಿ ಹಾಕಿದ. ಅಕ್ಷರಗಳು ಮೇಲಕ್ಕೂ ಕೆಳಕ್ಕೂ ಹೋದವು, ಲಿಫ್ಟಿನ ಹಾಗೆ.

*ಚಟ: ಕುಡಿತ. ಯಾರಿಗೆ: ನನಗೆ. ಎಂಟು ವರ್ಷದಿಂದ. ಬಿಡಬೇಕು.*

ಕುಡಿತ. ನಮ್ಮ ಮನೆಯೊಳಗಿನ ಯಾರೂ ಎಂಟು ವರ್ಷ ಆಡದ ಪದ. ಅಪ್ಪ ಬಗ್ಗಿ ಅದನ್ನು ನೋಡಿದರು. ಸೊಟ್ಟ ಗೆರೆ, ಒಡೆದ ಕೊಂಬು. “ಚೆನ್ನಾಗಿದೆ ಕಣೋ ಅಕ್ಷರ,” ಎಂದರು. ಇನ್ನೊಬ್ಬರ ಅಕ್ಷರವನ್ನು ಅಪ್ಪ ಚೆನ್ನಾಗಿದೆ ಎಂದದ್ದು ನಾನು ಕೇಳಿದ್ದು ಅದೊಂದೇ ಸಲ.

ನಾನು ಅಪ್ಪನ ಹಳೆಯ ಪುಟ ಹರಿಯಲು ಕೈ ಹಾಕಿದೆ. ಮೇಡಂ ಪಟ್ಟನೆ ಕಸಿದುಕೊಂಡರು.

“ಹರೀಬೇಡಿ! ಇದು ಬೇಕು ನಂಗೆ. ಇಲ್ನೋಡಿ.” ನಿಯಮದ ಪುಸ್ತಕದ ಇನ್ನೊಂದು ಹಾಳೆ. “ಚಟ ಬಿಡೋ ಚಿಕಿತ್ಸೆ ಜೊತೆ, ಮನೆಯವರ ಮಾನಸಿಕ ಯಾತನೆಗೂ ಆಪ್ತಸಮಾಲೋಚನೆ ಸಿಗುತ್ತೆ. ಆರು ಸಲ. ಆದರೆ ಮನೆಯವರು ತಮ್ಮ ಸಂಕಟ ಬರೆದು ಕೇಳ್ಬೇಕು. ಯಾರೂ ಕೇಳಲ್ಲ. ರೋಗಿ ಒಬ್ನೇ, ನಮಗೇನಾಗಿದೆ ಅಂತಾರೆ. ಹದಿಮೂರು ವರ್ಷದ ಸರ್ವೀಸಲ್ಲಿ ಇದನ್ನ ಪೂರ್ತಿ ಬರೆದುಕೊಟ್ಟಿರೋದು ನೀವೊಬ್ರೇ ಸರ್. ಅಜ್ಜಿಗೆ ಯಾವಾಗಿಂದ, ಹೆಂಡತಿಗೆ ಯಾವಾಗಿಂದ, ಯಾವ ಹೊತ್ತಲ್ಲಿ ಜಾಸ್ತಿ, ಎಲ್ಲಾ ಇದೆ!”

ಅಪ್ಪ ಮೆಲ್ಲಗೆ ನೆಟ್ಟಗಾದರು. “ಅಂದ್ರೆ ನಾನು ಬರೆದಿದ್ದು ಸರಿ?”

“ತಪ್ಪು ಜಾಗದಲ್ಲಿ ಸರಿ ಬರೆದಿದೀರಿ.”

“ಇದಕ್ಕೂ ಕೊಡ್ತಾರಾ ಮೇಡಂ?” ಅಮ್ಮನಿಗೆ ನಂಬಿಕೆ ಬರಲಿಲ್ಲ. “ಕಾಲು ಮುರಿದ್ರೆ ಕೊಡೋದು ಗೊತ್ತು.”

“ಕಾಲಾದ್ರೂ ಅಷ್ಟೇ, ಮನಸ್ಸಾದ್ರೂ ಅಷ್ಟೇನಮ್ಮ. ಈ ಪಾಲಿಸೀಲಿ ಎರಡಕ್ಕೂ ಒಂದೇ ನಿಯಮ. ಕಾಲು ಮುರಿದೋರು ಮಾತ್ರ ಕೇಳ್ತಾರೆ, ಅಷ್ಟೇ.”

ಹೋಗುವಾಗ ಮೇಡಂ ಅಜ್ಜಿಯ ಹಸಿರು ಬಾಟಲಿಯಿಂದ ಸ್ವಲ್ಪ ಮಂಡಿಗೆ ಹಚ್ಚಿಸಿಕೊಂಡು ಹೋದರು. ಲಿಫ್ಟಿನ ಹತ್ತಿರ ರೇಡಿಯೋ ಆಂಟಿ ಕಾದಿದ್ದರು. ಏನಾಯಿತು ಎಂದು ಕೇಳಿದ್ದಕ್ಕೆ ಚಿಕ್ಕಪ್ಪನೇ ಹೇಳಿದ. “ಟ್ರೈನಿಂಗ್ ಅಲ್ಲ ಆಂಟಿ. ಕುಡಿತ ಬಿಡೋಕೆ ಹೋಗ್ತಿದೀನಿ.” ಆಂಟಿ ಆ ಸುದ್ದಿಯನ್ನು ಯಾರಿಗೂ ಹೇಳಲಿಲ್ಲ. ಸೆಕ್ರೆಟರಿ ಅಂಕಲ್‌ಗೆ ಹೇಳಿದ್ದು, ಏಣಿಯ ಬೀಗ ತೆಗೆಯಿರಿ ಎಂದು ಮಾತ್ರ.

ಶನಿವಾರ ಹತ್ತೂ ಇಪ್ಪತ್ತಕ್ಕೆ ಒಪ್ಪಿಗೆ ಬಂತು. ಚಿಕ್ಕಪ್ಪ ಶೂ ಹಾಕಿಕೊಂಡ, ಲೇಸ್ ಕಟ್ಟಿಕೊಂಡ. ನಾವು ಐದೂ ಜನ ಲೇಸನ್ನೇ ನೋಡುತ್ತಿದ್ದೆವು, ಅವನೂ ಸೇರಿ. ಬಿಚ್ಚಲಿಲ್ಲ.

ಕೇಂದ್ರದ ಗೇಟಿನಲ್ಲಿ ಆಟೋ ಇಳಿದಾಗ ಮೊದಲು ನಿಂತುಬಿಟ್ಟವರು ಅಪ್ಪ. ತಲೆ ಎತ್ತಿ ನೋಡುತ್ತಿದ್ದರು. ಬಾಗಿಲ ಮೇಲೆ ಬಿಸಿಲಿಗೆ ಮಾಸಿದ ನೀಲಿ ಬೋರ್ಡು. ವ್ಯಸನಮುಕ್ತಿ ಕೇಂದ್ರ. ಯ-ಒತ್ತಿನ ಬಾಲ, ನವಿಲು ತಿರುಗಿ ನಿಂತ ಹಾಗೆ.

“ನಿಮ್ದೇ ಅಲ್ವೇನ್ರೀ?” ಎಂದರು ಅಮ್ಮ.

“ಹತ್ತು ವರ್ಷ ಆಯ್ತು,” ಎಂದರು ಅಪ್ಪ. “ದುಃಖ ಬಿಡಿಸೋ ಜಾಗ ಅಂದ್ಕೊಂಡಿದ್ದೆ. ಇಂಥಾ ಒಳ್ಳೇ ಜಾಗಾನೂ ಇದೆಯಲ್ಲಾ ಅಂತ ಬಾಲ ಒಂಚೂರು ಉದ್ದಾನೇ ಎಳೆದಿದ್ದೆ.”

ಚಿಕ್ಕಪ್ಪ ಬೋರ್ಡು ನೋಡಿದ, ಅಣ್ಣನನ್ನು ನೋಡಿದ. “ಇಷ್ಟು ಚೆನ್ನಾಗಿ ಬರೆದಿದೀಯಲ್ಲಣ್ಣ, ಒಳಗೆ ಹೋಗದೆ ಇರೋದು ಹೇಗೆ,” ಎಂದು ನಕ್ಕು, ಚೀಲ ಎತ್ತಿಕೊಂಡು ಒಳಗೆ ನಡೆದ.

ಇಪ್ಪತ್ತೆಂಟು ದಿನವೂ ಇದ್ದ. ನಾವು ಆರು ಸಲ ಹೋಗಿ ಬೆಂಚಿನ ಮೇಲೆ ಸಾಲಾಗಿ ಕೂತು ನಮ್ಮ ನಮ್ಮ ವ್ಯಸನ ಹೇಳಿಕೊಂಡೆವು. ಅಪ್ಪನದೇ ಜಾಸ್ತಿ ಹೊತ್ತು ಹಿಡಿಯಿತು. ಚಿಕ್ಕಪ್ಪ ವಾಪಸ್ ಬಂದು ಈಗ ಏಳು ತಿಂಗಳು. ಮೇಸ್ತ್ರಿ ಹೇಳಿದಂತೆ ಕೆಲಸ ಅವನದೇ. ಮುಂದೆ ಏನೋ ಗೊತ್ತಿಲ್ಲ. ಒಂದೊಂದು ದಿನ ಅಂತ ಲೆಕ್ಕ ಇಡು ಎಂದಿದ್ದಾರಂತೆ, ಇಡುತ್ತಿದ್ದಾನೆ. ಮೇಸ್ತ್ರಿಗೆ, ಮೇಡಂಗೆ, ಆಂಟಿಗೆ, ಆ ನಿಯಮದ ಪುಸ್ತಕ ಬರೆದ ಯಾರೋ ಗುರುತಿಲ್ಲದ ಪುಣ್ಯಾತ್ಮರಿಗೆ, ಎಲ್ಲರಿಗೂ ನಮ್ಮ ಮನೆಯ ನಮಸ್ಕಾರ.

ಮೊನ್ನೆ ಭಾನುವಾರ ಮಧ್ಯಾಹ್ನ ಅಜ್ಜಿ ಬಿಟ್ಟು ನಾವೆಲ್ಲ ಹಾಲ್‌ನಲ್ಲಿ ಕೂತಿದ್ದೆವು. ಇದ್ದಕ್ಕಿದ್ದಂತೆ ಬಚ್ಚಲಮನೆಯಲ್ಲಿ ನಲ್ಲಿಯ ಸದ್ದು. ಜೋರಾಗಿ. ಅಪ್ಪ ಅಮ್ಮನ ಮುಖ ನೋಡಿದರು. ಚಿಕ್ಕಪ್ಪ ಎದ್ದವನೇ ಓಡಿಹೋಗಿ ಬಚ್ಚಲಮನೆ ಬಾಗಿಲು ಬಡಿದ.

“ಅಮ್ಮಾ! ಅಮ್ಮಾ, ಏನಾಯ್ತು? ನಾನೇನೂ ಮಾಡಿಲ್ಲಮ್ಮ, ಬಾಗಿಲು ತೆಗಿ!”

ಬಾಗಿಲು ತೆರೆಯಿತು. ಅಜ್ಜಿ ಒಂದು ಕೈಯಲ್ಲಿ ಸೋಪು, ಇನ್ನೊಂದು ಕೈಯಲ್ಲಿ ಅವನದೇ ಪ್ಯಾಂಟು ಹಿಡಿದು ನಿಂತಿದ್ದರು.

“ನಿನ್ನ ಲಿಫ್ಟಿನ ಗ್ರೀಸು ಹೋಗ್ತಿಲ್ಲ ಕಣೋ!” ಎಂದರು. “ಈ ಮನೇಲಿ ನೆಮ್ಮದಿಯಾಗಿ ಬಟ್ಟೆ ಒಗೆಯೋಕೂ ಬಿಡಲ್ವೇನ್ರೋ ನೀವು?”